ದೆವ್ವದ ಕಥೆಯೆಂದು ನಗುವವರಿಗೆ

ಕಳೆದ ವರ್ಷದ ಮಾತು. ನಮ್ಮ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿನಿಯೊಬ್ಬಳು ಜನ್ನನ ‘ಯಶೋಧರ ಚರಿತೆ’ಯನ್ನೂ ಅಮೆರಿಕದ ಸ್ಟೀಫನ್ ಕಿಂಗ್ ಬರೆದ ‘ಇಟ್’ ಕಾದಂಬರಿಯನ್ನೂ ಜೊತೆಗಿರಿಸಿ ಕಿರುಪ್ರಬಂಧ ಬರೆಯಲು ಅನುಮತಿ ಬೇಡಿದಳು. ವಿಷಯವನ್ನು ಓದಿದೊಡನೆ ಸಭೆಯಲ್ಲಿ ನಗೆಯೆದ್ದಿತು. “ದೆವ್ವದ ಕಥೆ ಓದಲು ಎಂ.ಎ. ಏಕಮ್ಮ? ರೈಲ್ವೆ ನಿಲ್ದಾಣದ ಪುಸ್ತಕದಂಗಡಿ ಸಾಲದೆ?” ಎಂದರು ಹಿರಿಯರೊಬ್ಬರು. ಹುಡುಗಿ ತಲೆ ತಗ್ಗಿಸಿ ಬೇರೆ ವಿಷಯ ಆರಿಸಿಕೊಂಡಳು. ನಾನು ಅಲ್ಲಿಯೇ ಕುಳಿತಿದ್ದೆ, ತುಟಿ ಬಿಚ್ಚಲಿಲ್ಲ. ಅಂದು ಹೇಳಬೇಕಾಗಿದ್ದುದನ್ನು ಇಂದು ಹೇಳುತ್ತಿದ್ದೇನೆ.

ನಕ್ಕವರಲ್ಲಿ ಯಾರೂ ಆ ಪುಸ್ತಕವನ್ನು ಓದಿರಲಿಲ್ಲ. ಆದುದರಿಂದ ಕಥೆಯನ್ನು ಮೊದಲು ಹೇಳಿಬಿಡುವುದು ಲೇಸು. 1986ರಲ್ಲಿ ಪ್ರಕಟವಾದ ಈ ಕಾದಂಬರಿಗೆ ಸಾವಿರಕ್ಕೂ ಮಿಕ್ಕ ಪುಟಗಳು. ಮೇನ್ ಸಂಸ್ಥಾನದ ಡೆರಿ ಎಂಬ ಕಲ್ಪಿತ ಊರು ಅದರ ರಂಗಸ್ಥಳ. ಲೇಖಕನು ಬಾಳಿದ ಬ್ಯಾಂಗರ್ ಪಟ್ಟಣವೇ ಅದಕ್ಕೆ ಮಾದರಿ. ಊರಿನ ಚರಂಡಿಗಳ ಅಡಿಯಲ್ಲಿ ಏನೋ ಒಂದು ವಾಸವಾಗಿದೆ. ಸುಮಾರು 27 ವರ್ಷಗಳಿಗೊಮ್ಮೆ ಎದ್ದು, ಮಕ್ಕಳನ್ನು ನುಂಗಿ, ಮತ್ತೆ ಮಲಗುತ್ತದೆ. 1958ರ ಬೇಸಗೆಯಲ್ಲಿ ಏಳು ಮಂದಿ ಮಕ್ಕಳು ಅದನ್ನು ಎದುರಿಸುತ್ತಾರೆ. 1985ರಲ್ಲಿ ನಡುವಯಸ್ಕರಾಗಿ ಮತ್ತೊಮ್ಮೆ ಎದುರಿಸಬೇಕಾಗುತ್ತದೆ. ‘ಇಟ್’ ಎಂದರೆ ‘ಅದು’. ರಾತ್ರಿಯ ಹೊತ್ತು ಹಾವನ್ನು ಹಾವೆನ್ನದೆ ‘ಹುಳ’ ಎನ್ನುವ ನಮ್ಮ ಹಳ್ಳಿಯ ಅಜ್ಜಿಯರಿಗೆ ಈ ಹೆಸರಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

“ಇದು ಕೇವಲ ಹೆದರಿಸುವ ಕಥೆ” ಎಂಬುದು ಮೊದಲನೆಯ ಆಕ್ಷೇಪಣೆ. ಸ್ವಾಮಿ, ಇಲ್ಲಿನ ರಹಸ್ಯ ದೆವ್ವದ್ದಲ್ಲ, ಊರಿನದು. 1906ರ ಈಸ್ಟರ್ ಹಬ್ಬದಂದು ಕಾರ್ಖಾನೆ ಸಿಡಿದು ಮಕ್ಕಳು ಸಾಯುತ್ತಾರೆ. 1930ರಲ್ಲಿ ಕಪ್ಪು ವರ್ಣದ ಸೈನಿಕರು ಸೇರುತ್ತಿದ್ದ ಮನೋರಂಜನಾ ಗೃಹಕ್ಕೆ ಬಿಳಿಯರ ಗುಂಪೊಂದು ಬೆಂಕಿಯಿಡುತ್ತದೆ. ಊರು ಎಲ್ಲವನ್ನೂ ಕಂಡು ಸುಮ್ಮನಿರುತ್ತದೆ. ಪುಂಡ ಹುಡುಗರು ಬಾಲಕಿಯೊಬ್ಬಳನ್ನು ಬೆನ್ನಟ್ಟುವಾಗ ಎದುರು ಮನೆಯ ಗೃಹಸ್ಥನು ಎದ್ದು ನೋಡುತ್ತಾನೆ. ಬಳಿಕ ಕೈಯಲ್ಲಿದ್ದ ವೃತ್ತಪತ್ರಿಕೆಯನ್ನು ಮಡಿಸಿಕೊಂಡು ಒಳಗೆ ಹೋಗುತ್ತಾನೆ. ಇಡೀ ಪುಸ್ತಕದಲ್ಲಿ ನನ್ನನ್ನು ಹೆದರಿಸಿದವನು ವಿದೂಷಕನ ವೇಷದ ಭೂತವಲ್ಲ, ಈ ಗೃಹಸ್ಥ.

ಇದು ಬರಿಯ ಕಲ್ಪನೆಯೂ ಅಲ್ಲ. 1984ರಲ್ಲಿ ಬ್ಯಾಂಗರಿನಲ್ಲಿಯೇ ಮೂವರು ಹುಡುಗರು ಸಲಿಂಗಪ್ರೇಮಿಯಾದ ತರುಣನೊಬ್ಬನನ್ನು ಸೇತುವೆಯಿಂದ ಹೊಳೆಗೆ ಎಸೆದರು. ಆತ ಮುಳುಗಿ ಸತ್ತ. ಕಾದಂಬರಿಯ 1984ರ ಅಧ್ಯಾಯ ಹುಟ್ಟಿದ್ದು ಆ ಕೊಲೆಯಿಂದ. ಅಂಥ ಸಾವಿನ ಮುಂದೆ ನಿಂತು “ದೆವ್ವದ ಕಥೆ” ಎಂದು ನಗುವುದು ರಸಿಕತೆಯೆ?

ಎರಡನೆಯ ಆಕ್ಷೇಪಣೆ: “ಎರಡು ಕಾಲಗಳನ್ನು ಹೆಣೆಯುವುದು ಒಂದು ಕಣ್ಕಟ್ಟು.” ಅಲ್ಲ. ಊರು ಬಿಟ್ಟ ಆರು ಮಂದಿ ಸಿರಿವಂತರಾಗುತ್ತಾರೆ, ಮತ್ತು ಎಲ್ಲವನ್ನೂ ಮರೆಯುತ್ತಾರೆ. ಊರಿನಲ್ಲಿಯೇ ಉಳಿದ ಮೈಕ್ ಹ್ಯಾನ್‌ಲನ್, ಸಣ್ಣ ಸಂಬಳದ ಗ್ರಂಥಪಾಲಕ, ಒಬ್ಬನೇ ನೆನಪಿಟ್ಟುಕೊಂಡು ಊರಿನ ಚರಿತ್ರೆಯನ್ನು ಬರೆದಿಡುತ್ತಾನೆ. ಉಳಿದವರಿಗೆ ನೆನಪು ಮರಳಿದ ಹೊರತು ಹೋರಾಟವಿಲ್ಲ. ಕೊನೆಗೊನೆಗೆ ಒಂದು ಕಾಲದಲ್ಲಿ ತೊಡಗಿದ ವಾಕ್ಯ ಮತ್ತೊಂದು ಕಾಲದಲ್ಲಿ ಮುಗಿಯುತ್ತದೆ. 2017 ಮತ್ತು 2019ರ ಚಲನಚಿತ್ರಗಳು ಬಾಲ್ಯವನ್ನೊಂದು ಚಿತ್ರವಾಗಿಯೂ ಪ್ರೌಢಾವಸ್ಥೆಯನ್ನು ಮತ್ತೊಂದಾಗಿಯೂ ಸೀಳಿದವು. ಬೆದರಿಕೆ ಉಳಿಯಿತು, ನೆನಪು ಮರೆವುಗಳ ಹೆಣಿಗೆ ಸಡಿಲವಾಯಿತು. ರಚನೆಯೇ ಅರ್ಥವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇನ್ನು ಜನ್ನ. 1209ರ ಆ ಕಾವ್ಯದಲ್ಲಿ ಏನಿದೆ? ಚಂಡಮಾರಿಯ ಜಾತ್ರೆಗೆ ಊರೆಲ್ಲ ನೆರೆದಿದೆ. ಅಭಯರುಚಿ, ಅಭಯಮತಿ ಎಂಬ ಎಳೆಯ ಜೋಡಿಯನ್ನು ಬಲಿಗೆಂದು ಹಿಡಿದು ತಂದಿದ್ದಾರೆ. ಆ ಮಕ್ಕಳು ಅಂಜುವುದಿಲ್ಲ. ತಮ್ಮ ಹಿಂದಿನ ಜನ್ಮಗಳನ್ನು ನೆನೆದು ರಾಜ ಮಾರಿದತ್ತನಿಗೆ ಹೇಳುತ್ತಾರೆ. ಹಿಟ್ಟಿನ ಕೋಳಿಯೊಂದನ್ನು ಬಲಿಯಿತ್ತ ಪಾಪ ಜನ್ಮಜನ್ಮಕ್ಕೂ ಬೆನ್ನಟ್ಟಿದ ಕಥೆ ಕೇಳಿ ರಾಜನ ಕತ್ತಿ ಕೆಳಗಿಳಿಯುತ್ತದೆ. ಎರಡು ಕಾಲ, ಅಮಾನುಷ ಸಂಗತಿ, ಮಕ್ಕಳ ಬಲಿ, ಕೊಲೆಯನ್ನು ತಡೆಯುವ ನೆನಪು: ಎಲ್ಲವೂ ಇಲ್ಲಿಯೇ ಇವೆ. ಇದನ್ನು ನಾವು ಗಂಭೀರ ಮುಖದಿಂದ ಪಾಠ ಹೇಳುತ್ತೇವೆ, ಪರೀಕ್ಷೆಯಲ್ಲಿ ಪ್ರಶ್ನೆ ಕೇಳುತ್ತೇವೆ. ಹಳಗನ್ನಡದಲ್ಲಿದ್ದರೆ ದರ್ಶನ, ಅಗ್ಗದ ರಟ್ಟಿನ ಪುಸ್ತಕದಲ್ಲಿದ್ದರೆ ದೆವ್ವ! ಇದೆಂಥ ವಿಮರ್ಶೆ?

ಜನ್ನನೂ ಕಿಂಗನೂ ಒಂದೇ ತೂಕದವರೆಂದು ನಾನು ಹೇಳುತ್ತಿಲ್ಲ. ಜನ್ನನ ಮಿತ ಕಿಂಗನಿಗಿಲ್ಲ. ಆತನ ಪುಸ್ತಕದಲ್ಲಿ ಮುನ್ನೂರು ಪುಟ ಹೆಚ್ಚಾಗಿದೆ. ಅಂತ್ಯದ ಬಳಿ ಆ ಮಕ್ಕಳ ನಡುವೆ ಬರುವ ಒಂದು ಪ್ರಸಂಗವನ್ನು ನಾನು ಯಾವ ಕಾರಣಕ್ಕೂ ಸಮರ್ಥಿಸಲಾರೆ. 2003ರಲ್ಲಿ ನ್ಯಾಷನಲ್ ಬುಕ್ ಫೌಂಡೇಷನ್ ಕಿಂಗನಿಗೆ ಪದಕ ಕೊಟ್ಟಾಗ ಹೆರಾಲ್ಡ್ ಬ್ಲೂಮ್‌ರಂಥ ದೊಡ್ಡ ವಿಮರ್ಶಕರು ಕಟುವಾಗಿ ವಿರೋಧಿಸಿದರು. ಆದರೆ ಅವರು ವಾದಿಸಿದರು, ನಾವು ನಕ್ಕೆವು. ವಾದಕ್ಕೆ ಉತ್ತರ ಕೊಡಬಹುದು. ನಗೆಗೆ ಏನು ಕೊಡುವುದು?

ಆ ಹುಡುಗಿ ಈಗ ಕೋಷ್ಟಕಗಳನ್ನು ತುಂಬಿ, ಎಲ್ಲರೂ ಒಪ್ಪಿದ ವಿಷಯದ ಮೇಲೆ, ಯಾರೂ ಓದದ ಪ್ರಬಂಧ ಬರೆಯುತ್ತಿದ್ದಾಳೆ. ಅಧ್ಯಾಪಕರಿಗೆ ನನ್ನ ಬೇಡಿಕೆ ದೊಡ್ಡದಲ್ಲ: ಪುಸ್ತಕವನ್ನು ಓದಿ, ಆಮೇಲೆ ಬೇಕಾದರೆ ತಿರಸ್ಕರಿಸಿ. ಡೆರಿಯ ಆ ಗೃಹಸ್ಥನನ್ನು ಹಳಿಯುವ ಹಕ್ಕು ನನಗೂ ಇಲ್ಲ. ಅಂದಿನ ಸಭೆಯಲ್ಲಿ ವೃತ್ತಪತ್ರಿಕೆ ಮಡಿಸಿಕೊಂಡು ಎದ್ದವರಲ್ಲಿ ನಾನೂ ಒಬ್ಬ.