ಮೇಜಿನ ಮೇಲಿದ್ದೇ ಬೆಟ್ಟ ಹತ್ತಿದ ವಾಚು



ನಂಜನಗೂಡಿನಿಂದ ಏಳನೇ ತರಗತಿಯ ಹುಡುಗನೊಬ್ಬ ಒಳ್ಳೆಯ ಪ್ರಶ್ನೆ ಕಳಿಸಿದ್ದಾನೆ. ಚಾರಣಕ್ಕೆ ಹೋಗುವ ಸೋದರಮಾವ ಅವನಿಗೆ ಒಂದು ವಾಚು ಕೊಟ್ಟಿದ್ದಾರೆ. ಅದು ಸಮಯದ ಜೊತೆಗೆ ದಿಕ್ಕು, ಉಷ್ಣತೆ, ಗಾಳಿಯ ಒತ್ತಡ, ಎತ್ತರ ಎಲ್ಲವನ್ನೂ ತೋರಿಸುತ್ತದೆ. “ಬೆಳಿಗ್ಗೆ ಹತ್ತಕ್ಕೆ ಮೇಜಿನ ಮೇಲೆ 655 ಮೀಟರ್ ಇತ್ತು. ಸಂಜೆ ನಾಲ್ಕಕ್ಕೆ ಅದೇ ಮೇಜಿನ ಮೇಲೆ 685! ಕೆಟ್ಟಿದೆ, ವಾಪಸ್ ಕೊಡು ಅಂತಾರೆ ತಾತ. ನಿಜವೇ?”

ಕೆಟ್ಟಿಲ್ಲ ಮಗು. ಆ ವಾಚು ಎತ್ತರವನ್ನು ಅಳೆಯುವುದೇ ಇಲ್ಲ. ಅಳೆಯುವುದು ಗಾಳಿಯ ಒತ್ತಡವನ್ನು. ಮೇಲೆ ಹೋದಂತೆ ನಮ್ಮ ತಲೆಯ ಮೇಲಿರುವ ಗಾಳಿ ಕಡಿಮೆಯಾಗುತ್ತದೆ, ಒತ್ತಡವೂ ಇಳಿಯುತ್ತದೆ. ನಮ್ಮ ಸೀಮೆಯಲ್ಲಿ ಸುಮಾರು 9 ಮೀಟರ್ ಹತ್ತಿದರೆ ಒತ್ತಡ 1 ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ವಾಚು ಈ ಲೆಕ್ಕದಿಂದಲೇ ಎತ್ತರವನ್ನು ಊಹಿಸುತ್ತದೆ.

ಆದರೆ ನಾವು ಕೂತಲ್ಲೇ ಕೂತಿದ್ದರೂ ಒತ್ತಡ ಏರಿಳಿಯುತ್ತದೆ. ನಮ್ಮ ನಾಡಿನಲ್ಲಿ ದಿನವೂ ಬೆಳಿಗ್ಗೆ ಹತ್ತರ ಸುಮಾರಿಗೆ ಅದು ಹೆಚ್ಚು, ಸಂಜೆ ನಾಲ್ಕರ ಸುಮಾರಿಗೆ ಕಡಿಮೆ. ವ್ಯತ್ಯಾಸ 3–4 ಹೆಕ್ಟೊಪ್ಯಾಸ್ಕಲ್. ಒಂಬತ್ತರಿಂದ ಗುಣಿಸಿ ನೋಡಿ, ಆ 30 ಮೀಟರ್ ಸಿಕ್ಕಿತಲ್ಲ!

ಇನ್ನೊಂದು ತಮಾಷೆ ಕೇಳಿ. ನಂಜನಗೂಡಿನ ಕಪಿಲೆ ಹರಿದುಹೋಗಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ನೀರು ಮೇಲಕ್ಕೆ ಹರಿಯುವುದಿಲ್ಲ, ಆದ್ದರಿಂದ ಸಂಗಮ ತಗ್ಗಿನಲ್ಲೇ ಇದೆ. ಆದರೂ ಬೆಳಿಗ್ಗೆ ಹತ್ತಕ್ಕೆ ನಂಜನಗೂಡಿನಲ್ಲಿ ವಾಚನ್ನು ಸರಿಹೊಂದಿಸಿ, ಸಂಜೆ ನಾಲ್ಕಕ್ಕೆ ಸಂಗಮದ ದಡದಲ್ಲಿ ನೋಡಿದರೆ, “ನೀನು ಮೇಲೆ ಹತ್ತಿದ್ದೀಯೆ” ಎಂದು ಅದು ಹೇಳಿದರೂ ಹೇಳೀತು. ಆಗ ನಂಬಬೇಕಾದ್ದು ನದಿಯನ್ನು.

ಬಯಲಲ್ಲಿ ಇದು ತಮಾಷೆ, ಬೆಟ್ಟದಲ್ಲಿ ಅಲ್ಲ. ಮಂಜು ಮುಸುಕಿ ದಾರಿ ಕಾಣದಾಗ ಚಾರಣಿಗರು ಎತ್ತರ ನೋಡಿಯೇ ತಾವು ಎಲ್ಲಿದ್ದೇವೆಂದು ತಿಳಿಯುತ್ತಾರೆ. ಮೂವತ್ತು ಮೀಟರ್ ತಪ್ಪಿದರೆ ತಿರುವೇ ತಪ್ಪಬಹುದು. ಅದಕ್ಕೇ ಅವರು ಎತ್ತರ ಗೊತ್ತಿರುವ ಜಾಗ ಸಿಕ್ಕಾಗಲೆಲ್ಲ ವಾಚನ್ನು ಸರಿಹೊಂದಿಸುತ್ತಾರೆ. ನೀವೂ ಹಾಗೇ ಮಾಡಿ. ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಬರೆದಿರುತ್ತದೆ. ಅಲ್ಲಿ ಸರಿಹೊಂದಿಸಿಕೊಂಡು, ದೊಡ್ಡವರ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ಮೇಲೆ ಸುಮಾರು 1,060 ಮೀಟರ್ ಬರಬೇಕು.

ಇದೇ ಗುಣ ಉಪಕಾರಕ್ಕೂ ಬರುತ್ತದೆ. ಬೆಟ್ಟದಲ್ಲಿ ಸುಮ್ಮನೆ ಕೂತಿದ್ದಾಗ ಎತ್ತರದ ಅಂಕಿ ದಿನನಿತ್ಯದ ಲೆಕ್ಕ ಮೀರಿ ಸರಸರನೆ ಏರಿದರೆ, ಒತ್ತಡ ಕುಸಿಯುತ್ತಿದೆ, ಹವೆ ಕೆಡಬಹುದು ಎಂದರ್ಥ. ಗುಡುಗು ಮಳೆ ಮಾತ್ರ ಕೆಲವೊಮ್ಮೆ ವಾಚಿಗೆ ಸುಳಿವು ಕೊಡದೆಯೇ ಬರುತ್ತದೆ. ಗುಡುಗು ಕೇಳಿಸಿದರೆ ಅಂಕಿ ನೋಡುತ್ತಾ ನಿಲ್ಲಬೇಡಿ, ಇಳಿದುಬಿಡಿ.

ಉಷ್ಣತೆ ನೋಡುವಾಗ ವಾಚನ್ನು ಕೈಯಿಂದ ಬಿಚ್ಚಿ ಇಪ್ಪತ್ತು ನಿಮಿಷ ನೆರಳಲ್ಲಿಡಿ, ಇಲ್ಲದಿದ್ದರೆ ಅದು ನಿಮ್ಮ ಮೈಯ ಬಿಸಿಯನ್ನೂ ಸೇರಿಸಿಕೊಳ್ಳುತ್ತದೆ. ದಿಕ್ಕು ನೋಡುವಾಗ ಮೋಟಾರ್ ಸೈಕಲ್ಲು, ಕಬ್ಬಿಣದ ಗೇಟುಗಳಿಂದ ದೂರ ನಿಲ್ಲಿ.

ತಾತನವರೇ, ವಾಚನ್ನು ಹಿಂದಿರುಗಿಸಬೇಡಿ. ಒಂದು ವಾರ ಬೆಳಿಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ, ರಾತ್ರಿ ಹತ್ತಕ್ಕೆ ಅಂಕಿಯನ್ನು ಮೊಮ್ಮಗ ಓದಲಿ, ನೀವು ಬರೆದುಕೊಳ್ಳಿ. ಪಕ್ಕದಲ್ಲೇ ಆಕಾಶ ಹೇಗಿತ್ತೆಂದೂ ಬರೆಯಿರಿ. ಆ ಪಟ್ಟಿಯನ್ನು ನನಗೂ ಕಳಿಸಿ.