ತೆರೆ ಮಂಕಾದರೆ ಯಂತ್ರ ಕೆಟ್ಟಿತೆ?

ಕಲಾ ವಿಭಾಗದಲ್ಲಿ ಓದುವವರಿಗೆ ಗಣಕಯಂತ್ರದ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಅರ್ಜಿ ಹಾಕುವುದರಿಂದ ಹಿಡಿದು ಅಂಕಪಟ್ಟಿ ನೋಡುವವರೆಗೆ ಎಲ್ಲವೂ ಆ ಪೆಟ್ಟಿಗೆಯ ಮುಖಾಂತರವೇ ನಡೆಯುತ್ತಿರುವಾಗ ಆ ಪ್ರಶ್ನೆಗೆ ಉತ್ತರ ಬೇಕಿಲ್ಲ. ಕೇಳಬೇಕಾದುದು ಬೇರೆ: ಒಂದು ದಿನ ಅದರ ತೆರೆ ಮಂಕಾದರೆ ನಾವು ಮಾಡುವುದೇನು? "ಕೆಟ್ಟಿದೆ" ಎಂದು ಚೀಟಿ ಅಂಟಿಸಿ, ಹೊಸಪೇಟೆಯಿಂದ ರಿಪೇರಿಯವರು ಬರಲೆಂದು ಕಾಯುತ್ತೇವೆ. ಹೀಗೆ ಕಾಯುವುದು ವಿದ್ಯಾರ್ಥಿಗಳಿಗೆ ತಕ್ಕುದಲ್ಲವೆಂದು ನನ್ನ ಅಭಿಪ್ರಾಯ.

ತೋರಣಗಲ್ಲಿಗೆ ಯಂತ್ರ ಹೊಸದಲ್ಲ. 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಇಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಕಾರ್ಖಾನೆ ಮೇಲೆದ್ದುದು 1990ರ ದಶಕದಲ್ಲಿ. ಆದರೂ ಯಂತ್ರವೆಂದರೆ ಗೇಟಿನ ಆಚೆಯದು, ಅದರ ಒಳಗುಟ್ಟು ಇಂಜಿನಿಯರುಗಳಿಗೆ ಬಿಟ್ಟದ್ದು ಎಂಬ ಅಂಜಿಕೆ ನಮ್ಮ ಮನೆಗಳನ್ನು ಬಿಟ್ಟುಹೋಗಿಲ್ಲ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರು ಆ ಅಂಜಿಕೆಯನ್ನೂ ಪುಸ್ತಕಗಳೊಡನೆ ಹೊತ್ತು ತರುತ್ತೇವೆ.

ಇದಕ್ಕೆ ಲಿನಕ್ಸ್ ಒಳ್ಳೆಯ ಮದ್ದು. 1991ರಲ್ಲಿ ಇದನ್ನು ಆರಂಭಿಸಿದ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಆಗ 21 ವರ್ಷದ ವಿದ್ಯಾರ್ಥಿ. ಇದಕ್ಕೆ ಬೆಲೆ ತೆರಬೇಕಿಲ್ಲ. ಮೇಲಾಗಿ ತನ್ನ ಒಳಗನ್ನು ಇದು ಯಾರಿಂದಲೂ ಮುಚ್ಚಿಡುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. 1920×1080 ಚುಕ್ಕೆಗಳ ತೆರೆ 1024×768ಕ್ಕೆ ಇಳಿದು ನಿಂತಿತೆನ್ನಿ. ಅಕ್ಷರಗಳು ಅಡ್ಡಕ್ಕೆ ಹಿಗ್ಗಿ ಮಸುಕಾಗುತ್ತವೆ. ಇಂಗ್ಲಿಷನ್ನು ಹೇಗೋ ಓದಬಹುದು. ಕನ್ನಡದ ಒತ್ತಕ್ಷರಗಳು ಕಲಸಿಹೋಗುತ್ತವೆ. ಆದರೆ ಯಂತ್ರ ಕೆಟ್ಟಿಲ್ಲ. ಪ್ರತಿಯೊಂದು ತೆರೆಯೂ ತನ್ನ ಅಳತೆಯನ್ನು ಇಡಿಐಡಿ ಎಂಬ ಪುಟ್ಟ ಮಾಹಿತಿಯ ಮೂಲಕ ಯಂತ್ರಕ್ಕೆ ತಿಳಿಸುತ್ತದೆ. ಹಳೆಯ ವಿಜಿಎ ಕೇಬಲ್ಲಿನ 15 ಪಿನ್ನುಗಳಲ್ಲಿ 12ನೆಯದೂ 15ನೆಯದೂ ಈ ಕೆಲಸಕ್ಕೆಂದೇ ಇವೆ. ಅವುಗಳಲ್ಲಿ ಒಂದು ಬಾಗಿದರೂ ಸುದ್ದಿ ತಲಪದು. ಯಂತ್ರ ತನಗೆ ತೋಚಿದ ಸಣ್ಣ ಅಳತೆಯನ್ನು ಹಿಡಿಯುತ್ತದೆ.

ಆದುದರಿಂದ ಮೊದಲು ಕೇಬಲ್ಲನ್ನು ನೋಡಬೇಕು. ಬಳಿಕ ಟರ್ಮಿನಲ್ಲಿನಲ್ಲಿ ಎಕ್ಸ್‌ರಾಂಡ್‌ಆರ್ ಎಂಬ ಆಜ್ಞೆ ಕೊಟ್ಟರೆ, ತೆರೆ ಎಲ್ಲಿ ಜೋಡಿಸಿದೆ, ಯಾವ ಅಳತೆಗಳು ದೊರೆಯುತ್ತವೆ ಎಂಬುದನ್ನು ಯಂತ್ರವೇ ಪಟ್ಟಿಮಾಡಿ ಹೇಳುತ್ತದೆ. ಬೇಕಾದ ಅಳತೆ ಅಲ್ಲಿಲ್ಲದಿದ್ದರೆ ಸಿವಿಟಿ ಎಂಬ ಆಜ್ಞೆಯಿಂದ ಅದರ ಲೆಕ್ಕ ಪಡೆದು ಕೈಯಾರೆ ಸೇರಿಸಬಹುದು. ಯಂತ್ರ ಆರಿಸಿ ಹಚ್ಚಿದರೆ ಅದು ಮರೆತುಹೋಗುತ್ತದೆ. ಉಳಿಯಬೇಕಾದರೆ ವ್ಯವಸ್ಥೆಯ ಕಡತದಲ್ಲಿ ಬರೆದಿಡಬೇಕು. ಹೊಸ ಯಂತ್ರಗಳ ವೇಲ್ಯಾಂಡ್ ಏರ್ಪಾಡಿನಲ್ಲಿ ಮಾತ್ರ ಈ ಬದಲಾವಣೆಯನ್ನು ಸೆಟ್ಟಿಂಗ್ಸ್ ಮೂಲಕವೇ ಮಾಡಬೇಕು. ತೆರೆ ಪೂರ್ತಿ ಕಪ್ಪಾದರೂ ಧೈರ್ಯಗೆಡಬೇಕಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬಹುಮಟ್ಟಿಗೆ ಬರಿಯ ಅಕ್ಷರಗಳ ತೆರೆ ಬರುತ್ತದೆ. ಅಲ್ಲಿಂದ ಯಂತ್ರದ ದಿನಚರಿಯನ್ನು ಓದಬಹುದು. ಎಕ್ಸ್‌ಆರ್ಗ್ ದಿನಚರಿಯಲ್ಲಿ ದೋಷದ ಸಾಲಿಗೆ ಎರಡು 'ಇ'ಗಳ ಗುರುತಿರುತ್ತದೆ.

ಇದೆಲ್ಲ ಇಂಗ್ಲಿಷ್ ಬಲ್ಲವರ ವಿದ್ಯೆ, ಹಳ್ಳಿಯ ಮಕ್ಕಳಿಗೆ ದಕ್ಕದು ಎನ್ನುವವರುಂಟು. ಅವರು ಕಾಸರಗೋಡಿನ ಕಡೆ ನೋಡಲಿ. ಕೇರಳ ಸರ್ಕಾರದ ಐಟಿ ಅಟ್ ಸ್ಕೂಲ್ ಯೋಜನೆ, 2017ರಿಂದ ಕೈಟ್ ಎಂಬ ಸಂಸ್ಥೆ, ಶಾಲೆಗಳಲ್ಲಿ ಲಿನಕ್ಸನ್ನೇ ಬಳಕೆಗೆ ತಂದಿದೆ. ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳು ಅದರ ಮೇಲೆಯೇ ಕಲಿಯುತ್ತಾರೆ, ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಹೈಸ್ಕೂಲಿನ ಮಕ್ಕಳಿಗೆ ದಕ್ಕಿದ್ದು ಪದವಿ ತರಗತಿಯವರಿಗೆ ದಕ್ಕದೆ?

ನಾನು ಬೇಡುವುದು ಹೆಚ್ಚಿನ ಹಣವನ್ನಲ್ಲ. ಪ್ರಯೋಗಶಾಲೆಯ ಪ್ರತಿ ಯಂತ್ರದ ಪಕ್ಕದಲ್ಲಿ ಒಂದು ನೋಟ್‌ಬುಕ್ಕಿರಲಿ. ತೆರೆ ಏನು ತೋರಿತು, ಯಂತ್ರ ಏನು ಹೇಳಿತು, ಯಾವುದರಿಂದ ಸರಿಹೋಯಿತು ಎಂಬುದನ್ನು ಸರಿಪಡಿಸಿದವರು ಕನ್ನಡದಲ್ಲಿ ಬರೆದಿಡಲಿ. ಮೂರು ವರ್ಷ ಕಳೆದು ನಾವು ಹೊರಟುಹೋದರೂ ಆ ತಿಳಿವಳಿಕೆ ಇಲ್ಲಿಯೇ ಉಳಿದು, ಮುಂದೆ ಬರುವ ತಮ್ಮ ತಂಗಿಯರ ಅಂಜಿಕೆಯನ್ನು ಅಷ್ಟರಮಟ್ಟಿಗಾದರೂ ಕಳೆದೀತು.