ಫ್ಲ್ಯಾಟ್ ಕೊಳ್ಳುವ ಮುನ್ನ ಒಂದು ಹಾಳೆ ಲೆಕ್ಕ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಬೆಂಗಳೂರಿನ ಹೊರವಲಯದಲ್ಲಿ ಈಗ ಇದರ ಜೊತೆಗೆ ‘ಫ್ಲ್ಯಾಟ್ ಕೊಂಡು ನೋಡು’ ಎಂದೂ ಸೇರಿಸಿಕೊಳ್ಳಬೇಕೇನೋ.

ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿಯುವ ಸ್ನೇಹಿತರೊಬ್ಬರು ಮೊನ್ನೆ ಬಂದಿದ್ದರು. ಮಗನಿಗೆ ವೈಟ್‌ಫೀಲ್ಡ್‌ನಲ್ಲಿ ಹೊಸ ಕೆಲಸ, ಮಗಳು ದ್ವಿತೀಯ ಪಿಯುಸಿ. ವೈಟ್‌ಫೀಲ್ಡ್ ಕಡೆ ಫ್ಲ್ಯಾಟೊಂದನ್ನು ನೋಡಿ ಬಂದಿದ್ದರು. ಈಜುಕೊಳ, ಉದ್ಯಾನ, ಗೇಟಿನಲ್ಲಿ ಕಾವಲು. ‘ಇನ್ನೇನು ಬೇಕು ಸಾರ್?’ ಎಂದರು. ‘ಒಂದು ಹಾಳೆ, ಒಂದು ಪೆನ್ನು ಬೇಕು’ ಎಂದೆ. ಮಗಳೇ ಬರೆಯಲು ಕುಳಿತಳು.

ಮೊದಲು ಸಾಲ. 40 ಲಕ್ಷ ರೂಪಾಯಿ, ಶೇ 8.5ರ ಬಡ್ಡಿ, 20 ವರ್ಷ ಎಂದು ಹಿಡಿದರೆ ತಿಂಗಳ ಕಂತು ಸುಮಾರು 34,700 ರೂಪಾಯಿ. 1,200 ಚದರಡಿಗೆ ತಿಂಗಳಿಗೆ 4 ರೂಪಾಯಿಯಂತೆ ನಿರ್ವಹಣಾ ಶುಲ್ಕ ಹಿಡಿದರೆ ಇನ್ನೂ 4,800. ಕಂತು ಒಂದು ದಿನ ತೀರುತ್ತದೆ. ಈ ಶುಲ್ಕ ತೀರುವುದಿಲ್ಲ. ಈಜುಕೊಳದಲ್ಲಿ ಇಳಿಯದಿದ್ದರೂ ಅದರ ಖರ್ಚು ತಪ್ಪದು.

ಎರಡನೆಯದು ಅಳತೆ. 1,200 ಚದರಡಿ ಎಂದರೆ ಅಷ್ಟೂ ನಿಮ್ಮ ಕೋಣೆಗಳಲ್ಲ. ಲಿಫ್ಟು, ಮೆಟ್ಟಿಲು, ಮೊಗಸಾಲೆಯ ಪಾಲೂ ಅದರಲ್ಲಿ ಸೇರಿರಬಹುದು. 2016ರ ರೇರಾ ಕಾಯ್ದೆ ಹೇಳುವ ‘ಕಾರ್ಪೆಟ್ ಏರಿಯಾ’ ಎಷ್ಟೆಂದು ಕೇಳಿ. ಹೊರಗೋಡೆ, ಬಾಲ್ಕನಿಗಳನ್ನು ಬಿಟ್ಟು ನಿಜವಾಗಿ ಬಳಸಲು ಸಿಗುವ ಜಾಗ ಅದು. ಅದೇ ಕಾಯ್ದೆಯಂತೆ ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ನೆಲದಲ್ಲಿ ನಿಮ್ಮ ಅವಿಭಜಿತ ಪಾಲು ಎಷ್ಟು, ಸ್ವಾಧೀನಾನುಭವ ಪತ್ರ, ಅಂದರೆ ಓ.ಸಿ. ಬಂದಿದೆಯೇ ಎಂಬುದನ್ನು ಕಾಗದದಲ್ಲೇ ನೋಡಿ, ಬಾಯಿಮಾತು ಸಾಲದು.

ಮೂರನೆಯದು ನೀರು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಹೊರವಲಯದ ದೊಡ್ಡ ದೊಡ್ಡ ಸಮುಚ್ಚಯಗಳೂ ಟ್ಯಾಂಕರಿಗೆ ಕಾದಿದ್ದನ್ನು ಮರೆಯಬೇಡಿ. ಅದೇ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ನಿಜ. ಆದರೆ ನೀವು ನೋಡಿದ ಕಟ್ಟಡಕ್ಕೆ ಸಂಪರ್ಕ ಬಂದಿದೆಯೇ? ಏಪ್ರಿಲ್ ತಿಂಗಳ ಟ್ಯಾಂಕರ್ ಬಿಲ್ ತೋರಿಸಿ ಎಂದು ಅಲ್ಲಿನ ನಿವಾಸಿಗಳನ್ನೇ ಕೇಳಿ.

ನಾಲ್ಕನೆಯದು ದಾರಿ. ಮೆಟ್ರೊ 2023ರಲ್ಲಿ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾಯಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರ ಮುಟ್ಟಿತು. ಅನುಕೂಲವೇ. ಆದರೂ ವೈಟ್‌ಫೀಲ್ಡ್‌ನಿಂದ ಪೀಣ್ಯಕ್ಕೆ ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ, ಊರಿನ ಈ ತುದಿಯಿಂದ ಆ ತುದಿಗೆ ಹೋಗಬೇಕು. ಮಗನ ದಾರಿ ಉಳಿಯಿತು, ಅಪ್ಪನ ದಾರಿ ಬೆಳೆಯಿತು.

ಅಷ್ಟರಲ್ಲಿ ಹಾಳೆ ತುಂಬಿತ್ತು. ಮಗಳು ಪೆನ್ನು ಕೆಳಗಿಟ್ಟು, ‘ಅಪ್ಪಾ, ಇದರಲ್ಲಿ ನನ್ನ ಕಾಲೇಜಿನ ಫೀಸು ಎಲ್ಲಿದೆ?’ ಎಂದಳು.

ಯಾರೂ ಮಾತನಾಡಲಿಲ್ಲ. ಮಗನ ಸಂಬಳ, ಅಪ್ಪನ ಸಂಬಳ ಎರಡೂ ಕೂಡಿದರೆ ಕಂತು ಕಟ್ಟಬಹುದಿತ್ತು. ಅಪ್ಪನ ನಿವೃತ್ತಿಗೆ ಉಳಿದಿರುವುದು ಆರೇ ವರ್ಷ, ಸಾಲಕ್ಕೆ ಇಪ್ಪತ್ತು.

ಫ್ಲ್ಯಾಟ್ ಬೇಡವೆಂದು ನಾನು ಹೇಳುತ್ತಿಲ್ಲ. ಒಂಟಿ ಹಿರಿಯರಿಗೆ, ಇಬ್ಬರೂ ದುಡಿಯುವ ದಂಪತಿಗೆ, ಆಡುವ ಮಕ್ಕಳಿಗೆ ಅದರ ಆಸರೆ ದೊಡ್ಡದು. ಆದರೆ ನೂರಾರು ಮನೆಗಳೊಡನೆ ನೀರು, ಲಿಫ್ಟು, ನಿಯಮ ಎಲ್ಲವನ್ನೂ ಹಂಚಿಕೊಂಡು, ಸಂಘದ ಸಭೆಗೂ ಹೋಗಿ ಬಾಳುವ ಮನಸ್ಸು ಬೇಕು. ನಿಮಗೆ ಅದು ಒಗ್ಗುತ್ತದೆಯೇ ಎಂದು ತಿಳಿಯಲು ಸುಲಭ ಉಪಾಯವಿದೆ: ಅದೇ ಸಮುಚ್ಚಯದಲ್ಲಿ ಹನ್ನೊಂದು ತಿಂಗಳು ಬಾಡಿಗೆಗೆ ಇದ್ದು ನೋಡಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ.

ಸ್ನೇಹಿತರು ಸದ್ಯಕ್ಕೆ ಪೀಣ್ಯದಲ್ಲೇ ಇದ್ದಾರೆ. ಮಗ ಕಚೇರಿಯ ಹತ್ತಿರ ಗೆಳೆಯರೊಡನೆ ಕೋಣೆ ಹಿಡಿದಿದ್ದಾನೆ. ಮಗಳ ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದಾರೆ.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲೂ ಇಂಥ ಮಾತು ನಡೆದಾಗ ಎದ್ದು ಹೋಗಬೇಡಿ. ಚಕ್ರಬಡ್ಡಿ ಕಲಿತವರು ನೀವು. ಹಾಳೆ ಹಿಡಿದು ಕುಳಿತುಕೊಳ್ಳಿ. ತಂದೆತಾಯಿಗಳೇ, ಅವರಿಗೆ ಪೆನ್ನು ಕೊಡಿ.